ಹಗ್ಗದ ಹೊದಿಕೆ ಕಿತ್ತರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಗುಹೆ, ಬಂಡೆ ಮತ್ತು ಜಲಪಾತಗಳಲ್ಲಿ ಬಳಸುವ ಹಗ್ಗಗಳ ಕುರಿತು ಪ್ರಶ್ನೆ ಕಳಿಸಿರೆಂದು ಕೇಳಿದ್ದಕ್ಕೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದಲೂ ಕೆಳಗಿನ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಿಂದಲೂ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಹಗ್ಗ ಎಷ್ಟು ಕ್ವಿಂಟಾಲ್ ತಾಳುತ್ತದೆ ಎಂದು. ಅಡಿಕೆಯ ಸೀಮೆಯಲ್ಲಿ ಲೆಕ್ಕ ಕ್ವಿಂಟಾಲಿನಲ್ಲೇ ಬರುವುದು ಸಹಜ. ಆದರೆ ಸುಸ್ಥಿತಿಯಲ್ಲಿರುವ, ಈ ಕೆಲಸಕ್ಕೆಂದೇ ತಯಾರಾದ ಹಗ್ಗ ಒಬ್ಬ ಮನುಷ್ಯನ ತೂಕಕ್ಕೆ ಹರಿಯುವುದಿಲ್ಲ. ಅದು ಹಾಳಾಗುವುದು ಕಲ್ಲಿನ ಅಂಚಿಗೆ ಉಜ್ಜಿ, ಶಾಖಕ್ಕೆ ಕರಗಿ, ಇಲ್ಲವೇ ಆಮ್ಲ ತಾಗಿ. ಆದ್ದರಿಂದ ಈ ಬಾರಿ ಆ ಮೂರಕ್ಕೆ ಸಂಬಂಧಿಸಿದ ಪತ್ರಗಳನ್ನೇ ಹೆಚ್ಚಾಗಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಗೆಳೆಯರ ಬಳಗದಲ್ಲಿ 10.5 ಮಿಲಿಮೀಟರ್ ದಪ್ಪದ, 60 ಮೀಟರ್ ಉದ್ದದ ಸ್ಟ್ಯಾಟಿಕ್ (ಭಾರಕ್ಕೆ ಹೆಚ್ಚು ಹಿಗ್ಗದ) ಹಗ್ಗವಿದೆ. ಅದರ ಎರಡು ಕಡೆ ಮೇಲ್ಮೈ ಉಣ್ಣೆಯಂತೆ ಎದ್ದಿದೆ. ಇನ್ನೊಂದು ಕಡೆ ಬೆರಳಗಲದಷ್ಟು ಹರಿದು ಒಳಗಿನ ಬಿಳಿ ಎಳೆ ಕಾಣಿಸುತ್ತಿದೆ. ಹಗ್ಗದ ಪಟ್ಟಿಯ ಮೇಲೆ 22 ಕಿಲೋನ್ಯೂಟನ್ ಎಂದು ಬರೆದಿರುವುದರಿಂದ, ಹರಿದ ಜಾಗಕ್ಕೆ ಟೇಪ್ ಸುತ್ತಿ ಬಳಸಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಬಳಸಬಾರದು. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಮುಂದಿನ ಬಹುತೇಕ ಉತ್ತರಗಳು ಇದನ್ನೇ ಆಧರಿಸಿವೆ.

ನಿಮ್ಮ ಹಗ್ಗ ನಮ್ಮ ತೆಂಗಿನ ನಾರಿನ ಹಗ್ಗದ ಹಾಗೆ ಎಳೆಗಳನ್ನು ಹುರಿಗೊಳಿಸಿ ಮಾಡಿದ್ದಲ್ಲ. ಅದರಲ್ಲಿ ಎರಡು ಭಾಗಗಳಿವೆ: ನಡುವೆ ಉದ್ದಕ್ಕೂ ಹಾದುಹೋಗುವ ನೈಲಾನ್ ಎಳೆಗಳ ತಿರುಳು, ಅದರ ಸುತ್ತ ಬಿಗಿಯಾಗಿ ಹೆಣೆದ ಹೊದಿಕೆ. ಈ ವಿನ್ಯಾಸದ ಹಗ್ಗವನ್ನು ಜರ್ಮನಿಯ ಎಡೆಲ್‌ರಿಡ್ ಕಂಪನಿ 1953ರಲ್ಲಿ ತಂದಿತು. ಇಂದು ಬಂಡೆಗೂ ಗುಹೆಗೂ ಬಳಕೆಯಾಗುವ ಹಗ್ಗಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು. ಭಾರದ ಹೆಚ್ಚಿನ ಪಾಲನ್ನು ತಿರುಳು ಹೊರುತ್ತದೆ. ಕಲ್ಲು, ಕೆಸರು, ಬಿಸಿಲು ಮತ್ತು ನಿಮ್ಮ ಲೋಹದ ಸಾಧನಗಳ ಹೊಡೆತವನ್ನೆಲ್ಲ ಹೊದಿಕೆ ತಾಳಿಕೊಳ್ಳುತ್ತದೆ. ಹಾಗೆಂದು ಹೊದಿಕೆ ಬರೀ ಅಲಂಕಾರವಲ್ಲ. ಹಗ್ಗದ ಒಟ್ಟು ತೂಕದಲ್ಲಿ ಅದರ ಪಾಲು ಸಾಮಾನ್ಯವಾಗಿ ಮೂರನೇ ಒಂದಕ್ಕಿಂತ ಹೆಚ್ಚೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಳಿಯುವ ಸಾಧನವಾಗಲಿ ಏರುವ ಸಾಧನವಾಗಲಿ ಹಿಡಿಯುವುದು ಹೊದಿಕೆಯನ್ನು. ತಿರುಳನ್ನು ಅದು ಮುಟ್ಟುವುದೇ ಇಲ್ಲ.

ಹಾಗಾಗಿ ಹೊದಿಕೆ ಹರಿದ ಹಗ್ಗದಲ್ಲಿ ಇನ್ನೂ ಎಷ್ಟು ಬಲ ಉಳಿದಿದೆ ಎಂಬ ಪ್ರಶ್ನೆಗೆ ಅರ್ಥ ಕಡಿಮೆ. ತಿರುಳು ಪೂರ್ತಿ ಗಟ್ಟಿಯಾಗಿಯೇ ಇರಬಹುದು. ಆದರೆ ನೀವು ಆ ಹಗ್ಗದಲ್ಲಿ ಇಳಿಯುತ್ತ ಹರಿದ ಜಾಗ ತಲುಪಿದಾಗ, ಸಾಧನದ ಒತ್ತಡಕ್ಕೆ ಹೊದಿಕೆಯ ಕೆಳಗಿನ ತುದಿ ತಿರುಳನ್ನು ಬಿಟ್ಟು ಜಾರತೊಡಗುತ್ತದೆ. ಕೆಲವೊಮ್ಮೆ ಅದು ಸಾಧನದ ಬಾಯಲ್ಲಿ ಗುಪ್ಪೆಗಟ್ಟಿ, ನೀವು ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ನಡುವೆ ತೂಗಾಡುತ್ತೀರಿ. ಇನ್ನು ಕೆಲವೊಮ್ಮೆ ಹೊದಿಕೆಯ ಸಮೇತ ನೀವೂ ಜಾರುತ್ತೀರಿ, ನುಣುಪಾದ ತಿರುಳಿನ ಮೇಲೆ ಹಿಡಿತ ಮತ್ತೆ ಸಿಗುವುದು ಕಷ್ಟ. ಟೇಪ್ ಇದ್ಯಾವುದನ್ನೂ ತಡೆಯುವುದಿಲ್ಲ. ಗಾಯ ಎಷ್ಟು ಬೆಳೆಯುತ್ತಿದೆ ಎಂಬುದನ್ನು ಮರೆಮಾಡುತ್ತದೆ, ಅಷ್ಟೆ. ಹೊಲಿಗೆ ಇನ್ನೂ ಕೆಟ್ಟದ್ದು, ಸೂಜಿಯ ಮೊನೆ ತಿರುಳಿನ ಎಳೆಗಳನ್ನೂ ಬಿಡುವುದಿಲ್ಲ.

ಉಣ್ಣೆಯಂತೆ ಎದ್ದ ಜಾಗಗಳ ವಿಷಯ ಬೇರೆ. ಹೊದಿಕೆಯ ಹೊರಗಿನ ಸಣ್ಣ ತಂತುಗಳು ತುಂಡಾಗಿ ನವಿರಾಗಿ ಏಳುವುದು ಬಳಸಿದ ಹಗ್ಗದಲ್ಲೆಲ್ಲ ಕಾಣುತ್ತದೆ. ಆ ನವಿರಿನಡಿ ಹೆಣಿಗೆಯ ಪ್ರತಿಯೊಂದು ಎಳೆ ಇನ್ನೂ ಅಖಂಡವಾಗಿದೆಯೇ ಎಂದು ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಅಲ್ಲಿ ಹಗ್ಗವನ್ನು ಚಿಕ್ಕ ಬಳೆಯಾಕಾರಕ್ಕೆ ಬಗ್ಗಿಸಿದಾಗ ದುಂಡಗೆ ಬಗ್ಗಿದರೆ ಸರಿ. ಒಂದು ಜಾಗದಲ್ಲಿ ಥಟ್ಟನೆ ಮಡಚಿಕೊಂಡರೆ, ಬೆರಳುಗಳ ನಡುವೆ ಚಪ್ಪಟೆಯಾದರೆ, ಅಥವಾ ಅಕ್ಕಪಕ್ಕಕ್ಕಿಂತ ತೆಳ್ಳಗೆ ಸಿಕ್ಕರೆ ತಿರುಳು ಪೆಟ್ಟು ತಿಂದಿದೆ ಎಂದೇ ತಿಳಿಯಬೇಕು.

ನಿಮ್ಮ ಹಗ್ಗವನ್ನು ಪೂರ್ತಿ ಎಸೆಯಬೇಕಾಗಿಲ್ಲ. ಹರಿದ ಜಾಗದ ಎರಡೂ ಬದಿಗೆ ಒಂದೊಂದು ಮೀಟರ್ ಬಿಟ್ಟು ಕತ್ತರಿಸಿ, ತುದಿಗಳನ್ನು ಬಿಸಿ ಅಲಗಿನಿಂದ ಬೆಸೆದು, ಉಳಿದ ಎರಡು ತುಂಡುಗಳ ಹೊಸ ಉದ್ದವನ್ನು ಅವುಗಳ ಎರಡೂ ತುದಿಗಳಲ್ಲಿ ಬರೆಯಿರಿ. 60 ಮೀಟರಿದೆ ಎಂಬ ಹಳೆಯ ನಂಬಿಕೆಯಲ್ಲಿ 35 ಮೀಟರಿನ ತುಂಡನ್ನು ಇಳಿಬಿಟ್ಟರೆ ಅದು ಹೊದಿಕೆ ಹರಿದದ್ದಕ್ಕಿಂತ ಬೇಗ ಜೀವ ತೆಗೆಯುತ್ತದೆ. ತುದಿಯಲ್ಲಿ ಗಂಟು ಹಾಕಿಯೇ ಹಗ್ಗ ಇಳಿಬಿಡುವ ಅಭ್ಯಾಸ ಯಾವ ಕಾಲಕ್ಕೂ ಇರಲಿ. ಗುಹೆಯೊಳಗೆ ಇರುವಾಗಲೇ ಹೊದಿಕೆ ಹರಿದರೆ ಮಾತ್ರ, ಹರಿದ ಭಾಗ ಕುಣಿಕೆಯೊಳಗೆ ಭಾರವಿಲ್ಲದೆ ಉಳಿಯುವಂತೆ ಬಟರ್‌ಫ್ಲೈ ಗಂಟು ಹಾಕಿ, ಆ ಗಂಟನ್ನು ದಾಟುವುದನ್ನು ಬಲ್ಲವರು ಹೊರಬರಬಹುದು. ಅದು ಹೊರಬರುವವರೆಗಿನ ಉಪಾಯ.

ಇನ್ನು 22 ಕಿಲೋನ್ಯೂಟನ್ ಎಂದರೆ ಸುಮಾರು 2,200 ಕಿಲೋ ತೂಕದ ಎಳೆತ. ಯುರೋಪಿನ ಇಎನ್ 1891 ಮಾನದಂಡ ‘ಎ’ ವರ್ಗದ ಹಗ್ಗಕ್ಕೆ ಕೇಳುವ ಕನಿಷ್ಠ ಬಲ ಅದು, ಮತ್ತು ಅದು ಗಂಟಿಲ್ಲದ ಹೊಸ ಹಗ್ಗಕ್ಕೆ. ತುದಿಯಲ್ಲಿ ಗಂಟು ಹಾಕಿದ ಹಗ್ಗಕ್ಕೆ ಅದೇ ಮಾನದಂಡ ಕೇಳುವುದು 15 ಕಿಲೋನ್ಯೂಟನ್. 80 ಕಿಲೋ ತೂಕದ ಮನುಷ್ಯ ಸುಮ್ಮನೆ ತೂಗಿದರೆ ಹಗ್ಗದ ಮೇಲೆ ಬೀಳುವುದು 0.8 ಕಿಲೋನ್ಯೂಟನ್. ಅಂಕಿಗಳಲ್ಲಿ ಇಷ್ಟು ಅಂತರ ಇರುವುದರಿಂದಲೇ ಜನ ಮೈಮರೆಯುತ್ತಾರೆ.

ಪ್ರಶ್ನೆ: ಬೈತಖೋಲ ಬಂದರಿನ ಹತ್ತಿರದ ಅಂಗಡಿಗಳಲ್ಲಿ ದೋಣಿಗೆ ಕಟ್ಟುವ ದಪ್ಪ ಹಗ್ಗ ಸಿಗುತ್ತದೆ. ಟನ್‌ಗಟ್ಟಲೆ ಭಾರ ಎಳೆಯುವ ಆ ಹಗ್ಗವನ್ನು ಬಂಡೆ ಇಳಿಯಲು ಏಕೆ ಬಳಸಬಾರದು? ಬೆಲೆಯಲ್ಲಿ ಅಜಗಜಾಂತರವಿದೆ.
— ಓದುಗರೊಬ್ಬರು, ಕಾರವಾರ

ಉತ್ತರ: ದೋಣಿಯ ಹಗ್ಗ ದೋಣಿಗೆ ಒಳ್ಳೆಯದು. ಅದರಲ್ಲಿ ಹೆಚ್ಚಿನದು ಮೂರು ಎಳೆ ಹುರಿಗೊಳಿಸಿದ ಪಾಲಿಪ್ರೊಪಿಲೀನ್. ಅದು ನೀರಿನಲ್ಲಿ ತೇಲುತ್ತದೆ, ಮೀನುಗಾರರಿಗೆ ಬೇಕಾದದ್ದೂ ಅದೇ. ತುಂಡೊಂದನ್ನು ಬಾಲ್ದಿಗೆ ಹಾಕಿ ನೋಡಿದರೆ ನಿಮಗೇ ಗೊತ್ತಾಗುತ್ತದೆ: ಪಾಲಿಪ್ರೊಪಿಲೀನ್, ಪಾಲಿಥಿಲೀನ್ ತೇಲುತ್ತವೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ.

ತೇಲುವ ಹಗ್ಗದ ತೊಂದರೆ ಶಾಖದ್ದು. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಗ್ಗಗಳಲ್ಲಿ ಬಳಸುವ ನೈಲಾನ್ 6 ಸುಮಾರು 220ಕ್ಕೆ, ಪಾಲಿಯೆಸ್ಟರ್ 255ರ ಆಸುಪಾಸಿನಲ್ಲಿ. ಇಳಿಯುವಾಗ ನಿಮ್ಮ ದೇಹದ ತೂಕ ಕಳೆದುಕೊಳ್ಳುವ ಶಕ್ತಿಯೆಲ್ಲ ಸಾಧನದಲ್ಲಿ ಶಾಖವಾಗುತ್ತದೆ. ಉದ್ದದ ಇಳಿತವನ್ನು ರಭಸದಿಂದ ಮುಗಿಸಿ ಕೊನೆಗೆ ಥಟ್ಟನೆ ನಿಂತರೆ, ಕಾದ ಲೋಹ ಒಂದೇ ಜಾಗದಲ್ಲಿ ಹಗ್ಗಕ್ಕೆ ಒತ್ತಿಕೊಂಡಿರುತ್ತದೆ. ನೈಲಾನಿನಲ್ಲೂ ಹೊಳಪಾದ, ಗಡುಸಾದ ಪಟ್ಟಿಗಳು ಮೂಡುವುದು ಹೀಗೆಯೇ. ಅಂಥ ಹೊಳಪು ಕಂಡರೆ ಅಲ್ಲಿ ಹೊದಿಕೆಯ ತಂತುಗಳು ಕರಗಿ ಅಂಟಿಕೊಂಡಿವೆ ಎಂದರ್ಥ, ಮುಂದಿನ ಉಜ್ಜಾಟಕ್ಕೆ ಅವು ಬೇಗ ಪುಡಿಯಾಗುತ್ತವೆ.

ಎರಡನೆಯ ಕಾರಣ ಹುರಿಯದು. ಮೂರು ಎಳೆಯ ಹಗ್ಗದಲ್ಲಿ ಭಾರ ಹೊರುವ ನೂಲುಗಳೆಲ್ಲ ಸರದಿಯಂತೆ ಹೊರಮೈಗೆ ಬರುತ್ತವೆ. ಕಲ್ಲಿಗೆ ಉಜ್ಜಿದಾಗ ಸವೆಯುವುದು ಭಾರ ಹೊರುವ ನೂಲೇ, ಅದನ್ನು ಕಾಯಲು ಬೇರೆ ಹೊದಿಕೆ ಇಲ್ಲ. ಜೊತೆಗೆ ಭಾರ ಬಿದ್ದೊಡನೆ ಹುರಿ ಬಿಚ್ಚಿಕೊಳ್ಳಲು ನೋಡುವುದರಿಂದ ನೀವು ಗಾಳಿಯಲ್ಲಿ ಗಿರಗಿರನೆ ತಿರುಗುತ್ತೀರಿ, ಬಂಡೆಯಿಂದ ದೂರ ತೂಗುವಾಗ ಇದು ಸಣ್ಣ ಕಿರಿಕಿರಿಯಲ್ಲ. ಉಳಿಸಬೇಕೆಂದಿದ್ದರೆ ಬೇರೆ ಯಾವುದರಲ್ಲಾದರೂ ಉಳಿಸಿ.

ಪ್ರಶ್ನೆ: ನಮ್ಮ ಊರಿನ ಹತ್ತಿರದ ಒಂದು ಪ್ರಪಾತದಲ್ಲಿ ಮೇಲಿನ ಮರಕ್ಕೆ ಹಗ್ಗ ಕಟ್ಟಿ ಇಳಿದು ಹತ್ತುತ್ತೇವೆ. ಮೇಲಿನ ಅಂಚಿಗೆ ಗೋಣಿಚೀಲ ಹಾಸುತ್ತೇವೆ. ಆದರೂ ಹಗ್ಗ ಸವೆಯುವುದು ಮೇಲೆ ಅಲ್ಲ, ಸುಮಾರು 15 ಮೀಟರ್ ಕೆಳಗೆ ಕಲ್ಲು ಮುಂಚಾಚಿದ ಜಾಗದಲ್ಲಿ. ಅಲ್ಲಿ ಕಲ್ಲು ಮೇಲಿನಷ್ಟು ಹರಿತವೂ ಇಲ್ಲ. ಹೀಗೇಕೆ? ಯಾಣ, ಕವಳೆ ಗುಹೆಗಳಂಥ ಸುಣ್ಣಕಲ್ಲಿನ ಜಾಗಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕೇ?
— ಚಾರಣ ಮಾರ್ಗದರ್ಶಿಯೊಬ್ಬರು, ಕುಮಟಾ

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಅತ್ಯಂತ ಸೂಕ್ಷ್ಮವಾಗಿ ಗಮನಿಸಿ ಬರೆದದ್ದು ಇದೇ.

ಹಗ್ಗ ಅಂಚಿನ ಮೇಲೆ ಸುಮ್ಮನೆ ಒತ್ತಿಕೊಂಡಿದ್ದರೆ ಹಾನಿ ಕಡಿಮೆ; ಒತ್ತಿಕೊಂಡು ಹಿಂದೆ ಮುಂದೆ ಸರಿದರೆ ಅದು ಗರಗಸದ ಕೆಲಸವಾಗುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಆ ಅಂಚಿನಿಂದ ಮೇಲಕ್ಕೆ, ಅಂದರೆ ಅಂಚಿಗೂ ಕಟ್ಟಿದ ಮರಕ್ಕೂ ನಡುವೆ ಎಷ್ಟು ಹಗ್ಗವಿದೆ ಎಂಬುದನ್ನು ಅವಲಂಬಿಸಿದೆ. ಸ್ಟ್ಯಾಟಿಕ್ ಎಂದು ಕರೆದರೂ ಈ ಹಗ್ಗಗಳು ಹಿಗ್ಗುತ್ತವೆ. ಇಎನ್ 1891ರ ಪ್ರಕಾರ ಭಾರವನ್ನು 50ರಿಂದ 150 ಕಿಲೋಗೆ ಏರಿಸಿದಾಗ ಹಿಗ್ಗುವಿಕೆ ಶೇಕಡಾ 5ನ್ನು ಮೀರಬಾರದು. ಒಬ್ಬರ ತೂಕಕ್ಕೆ ಶೇಕಡಾ 2 ಎಂದು ಇಟ್ಟುಕೊಂಡರೂ, ಮರದಿಂದ ಒಂದು ಮೀಟರ್ ದೂರದ ಮೇಲಿನ ಅಂಚಿನಲ್ಲಿ ಹಗ್ಗ ಸರಿಯುವುದು 2 ಸೆಂಟಿಮೀಟರ್. 15 ಮೀಟರ್ ಕೆಳಗಿನ ಚಾಚಿನಲ್ಲಿ 30 ಸೆಂಟಿಮೀಟರ್. ಹತ್ತುವವರು ಹೆಜ್ಜೆ ಹೆಜ್ಜೆಗೂ ಭಾರ ಹಾಕಿ ಬಿಡುವುದರಿಂದ, ಈ ಓಡಾಟದ ಒಂದು ಭಾಗ ಪ್ರತಿ ಹೆಜ್ಜೆಗೂ ಮರುಕಳಿಸುತ್ತದೆ. ಇಳಿಯುವಾಗ ಕಾಣದ ಸವೆತ ಹತ್ತುವಾಗ ಕಾಣುವುದೂ ಇದೇ ಕಾರಣಕ್ಕೆ. ಹೀಗಾಗಿ ಮೇಲಿನ ಹರಿತವಾದ ಅಂಚಿಗಿಂತ ಕೆಳಗಿನ ಮೊಂಡು ಅಂಚು ಹೆಚ್ಚು ತಿನ್ನುತ್ತದೆ. ಅದು ಮೇಲಿಂದ ಕಣ್ಣಿಗೆ ಬೀಳುವುದೂ ಇಲ್ಲ.

ಪರಿಹಾರಗಳಲ್ಲಿ ಉತ್ತಮವಾದದ್ದು ಹಗ್ಗ ಕಲ್ಲಿಗೆ ತಾಗದಂತೆ ಮಾಡುವುದೇ. ಮೊದಲು ಇಳಿಯುವವರು ಚಾಚಿನ ಬಳಿ ನಿಂತು, ಅಲ್ಲಿಯೇ ಎರಡನೆಯ ಆಧಾರ ಕೊಟ್ಟು ಹಗ್ಗವನ್ನು ಮತ್ತೆ ಕಟ್ಟಿದರೆ, ಅದರ ಕೆಳಗಿನ ಹಗ್ಗ ನೇರವಾಗಿ ಗಾಳಿಯಲ್ಲಿ ಇಳಿಯುತ್ತದೆ. ಗುಹೆಯವರು ಇದನ್ನು ರೀಬಿಲೇ ಎನ್ನುತ್ತಾರೆ. ಯುರೋಪಿನ ಗುಹಾಶೋಧಕರು 8, 9 ಮಿಲಿಮೀಟರಿನ ಸಣ್ಣ ಹಗ್ಗಗಳಲ್ಲಿ ನೂರಾರು ಮೀಟರ್ ಇಳಿಯಲು ಸಾಧ್ಯವಾಗಿರುವುದು ಈ ಕ್ರಮದಿಂದಲೇ. ಅಮೆರಿಕದಲ್ಲಿ ಬೆಳೆದ ಇನ್ನೊಂದು ಪದ್ಧತಿಯಲ್ಲಿ 11 ಮಿಲಿಮೀಟರಿನ, ಗಟ್ಟಿ ಹೊದಿಕೆಯ ದಪ್ಪ ಹಗ್ಗವನ್ನು ಒಂದೇ ಕಟ್ಟಿನಿಂದ ಇಳಿಬಿಟ್ಟು ತಾಗುವ ಕಡೆ ದಪ್ಪ ಹಾಸು ಹಾಕುತ್ತಾರೆ. ನಿಮ್ಮ ಬಳಗದಲ್ಲಿ ರೀಬಿಲೇ ದಾಟುವ ತರಬೇತಿ ಎಲ್ಲರಿಗೂ ಆಗಿಲ್ಲದಿದ್ದರೆ ಎರಡನೆಯದೇ ಕ್ಷೇಮ. ಗೋಣಿ ಒಳ್ಳೆಯ ಹಾಸು, ಏಕೆಂದರೆ ಸೆಣಬು ಕರಗುವುದಿಲ್ಲ. ಆದರೆ ಮಧ್ಯದ ಚಾಚಿಗೆ ಹಾಸಿದ ಗೋಣಿಯನ್ನು ಬೇರೆಯೇ ದಾರದಿಂದ ಮೇಲಕ್ಕೆ ಕಟ್ಟಿರಬೇಕು, ಇಲ್ಲವಾದರೆ ಎರಡನೆಯವರು ಹತ್ತುವಷ್ಟರಲ್ಲಿ ಅದು ಜಾರಿ ಪಕ್ಕಕ್ಕೆ ಹೋಗಿರುತ್ತದೆ. ಹಗ್ಗಕ್ಕೇ ಸುತ್ತಿ ಕಟ್ಟುವ ಕ್ಯಾನ್ವಾಸ್ ತೋಳುಗಳೂ ಇವೆ. ಭಾರ ಬಿದ್ದು ಹಗ್ಗ ಹಿಗ್ಗಿದ ಮೇಲೆ ಅವು ಅಂಚಿನಲ್ಲೇ ಇವೆಯೇ ಎಂದು ಮೊದಲು ಇಳಿದವರೇ ನೋಡಿ ಹೇಳಬೇಕು.

ಅಡ್ಡಡ್ಡ ತೂಗಾಟ ಇದೆಲ್ಲಕ್ಕಿಂತ ಅಪಾಯ. ಬಿಗಿಯಾದ ಹಗ್ಗವು ಅಂಚಿನ ಉದ್ದಕ್ಕೆ ಪಕ್ಕಕ್ಕೆ ಜಾರಿದರೆ ಹೊದಿಕೆಯೂ ತಿರುಳೂ ಒಟ್ಟಿಗೆ ಕೊಯ್ದುಹೋಗಬಹುದು. ಬಿಗಿದಷ್ಟೂ ನೈಲಾನ್ ಕೊಯ್ಯುವುದು ಸುಲಭ. ಜಲಪಾತದ ಪಕ್ಕದಲ್ಲಿ ಇಳಿಯುವವರು ನೀರಿನಿಂದ ದೂರ ಸರಿಯಲು ಬದಿಗೆ ಹೆಜ್ಜೆ ಹಾಕುವಾಗ ಇದನ್ನು ಮರೆಯಬಾರದು.

ಕಲ್ಲಿನ ಜಾತಿಯ ಬಗ್ಗೆ ಎರಡು ಮಾತು. ಸುಣ್ಣಕಲ್ಲು ಮಳೆನೀರಿಗೆ ಕರಗುತ್ತ ಹೋದಂತೆ ಅದರ ಮೇಲೆ ಅಲಗಿನಂಥ ಏಣುಗಳು ಉಳಿಯುತ್ತವೆ, ಆದ್ದರಿಂದ ಎಚ್ಚರ ಖಂಡಿತ ಹೆಚ್ಚೇ ಬೇಕು. ಕರಾವಳಿಯ ಚಿರೆಕಲ್ಲಿನಲ್ಲಿ ತೂತುಗಳ ಬಾಯಿ ಗಡುಸಾಗಿ ಒರಟಾಗಿರುತ್ತದೆ. ಅದು ಕೊಯ್ಯುವುದಕ್ಕಿಂತ ಹೆಚ್ಚಾಗಿ ಅರೆಯುತ್ತದೆ, ಉದುರಿದ ಕೆಂಪು ಪುಡಿ ಹೆಣಿಗೆಯೊಳಗೂ ಸೇರುತ್ತದೆ. ಯಾಣದ ಭೈರವೇಶ್ವರ ಮತ್ತು ಮೋಹಿನಿ ಶಿಖರಗಳು ಮಾತ್ರ ಪೂಜೆ ನಡೆಯುವ ಜಾಗ. ಅಲ್ಲಿ ಹಗ್ಗ ಹಾಕುವ ವಿಚಾರವನ್ನು ನಾವು ಪ್ರೋತ್ಸಾಹಿಸುವುದಿಲ್ಲ. ದಾಂಡೇಲಿ ಕಾಡಿನ ಕವಳೆಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು.

ಪ್ರಶ್ನೆ: ಜಲಪಾತದ ಬುಡದಲ್ಲಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಹಗ್ಗವನ್ನು ಬಿಡಿಸಲು ಜೂಮಾರ್ (ಹಗ್ಗವನ್ನು ಕಚ್ಚಿ ಹಿಡಿಯುವ, ಏರಲು ಬಳಸುವ ಸಾಧನ) ಹಾಕಿ, ರಾಟೆ ಕಟ್ಟಿ ಆರು ಜನ ಎಳೆದೆವು. ಹಗ್ಗ ಬರಲಿಲ್ಲ, ಹೊದಿಕೆ ಕಿತ್ತು ಬಂತು. ಹಗ್ಗ ಕಳಪೆಯೇ?
— ವಿದ್ಯಾರ್ಥಿಯೊಬ್ಬರು, ಯಲ್ಲಾಪುರ

ಉತ್ತರ: ಹಗ್ಗದ ತಪ್ಪಲ್ಲ. ಜೂಮಾರ್ ಮಾದರಿಯ ಸಾಧನದ ಒಳಗೆ ಓರೆಯಾದ ಚೂಪು ಹಲ್ಲುಗಳಿರುತ್ತವೆ. ಅವು ಹೊದಿಕೆಯ ಹೆಣಿಗೆಗೆ ಕಚ್ಚಿಕೊಂಡೇ ನಿಲ್ಲುವುದು. ಕೆಸರು, ಮಂಜು ಹಿಡಿದ ಹಗ್ಗದಲ್ಲೂ ಅವು ಜಾರದಿರುವುದು ಈ ಹಲ್ಲುಗಳಿಂದ. ಒಬ್ಬರ ತೂಕಕ್ಕೆ ಅವು ಹೊದಿಕೆಗೆ ಹೆಚ್ಚು ನೋವು ಮಾಡುವುದಿಲ್ಲ. ಆದರೆ ಹಗ್ಗದ ದಪ್ಪ ಮತ್ತು ಸ್ಥಿತಿಗೆ ಅನುಗುಣವಾಗಿ 4ರಿಂದ 6 ಕಿಲೋನ್ಯೂಟನ್ ಆಸುಪಾಸಿನ ಎಳೆತಕ್ಕೆ ಅವು ಹೊದಿಕೆಯನ್ನು ಸುಲಿಯುತ್ತವೆ. ಇಂಥ ಸಾಧನಗಳ ಮಾನದಂಡವಾದ ಇಎನ್ 567 ಪರೀಕ್ಷಿಸುವುದೂ 4 ಕಿಲೋನ್ಯೂಟನ್‌ವರೆಗೆ ಮಾತ್ರ.

ಈಗ ನಿಮ್ಮ ಎಳೆತದ ಲೆಕ್ಕ ಹಾಕಿ. ಒಬ್ಬೊಬ್ಬರು 35 ಕಿಲೋದಷ್ಟು ಬಲ ಹಾಕಿದರೂ ಆರು ಜನರದು 2 ಕಿಲೋನ್ಯೂಟನ್ ಮೀರುತ್ತದೆ. ರಾಟೆಯ ಕಟ್ಟು ಮೂರು ಪಟ್ಟಿನದಾಗಿದ್ದರೆ 6 ಕಿಲೋನ್ಯೂಟನ್, ಉಜ್ಜಾಟದಲ್ಲಿ ಒಂದಿಷ್ಟು ಕಳೆದರೂ ಹೊದಿಕೆ ಕೀಳಲು ಅಷ್ಟು ಸಾಕು. ಎಳೆಯುವ ಕೆಲಸಕ್ಕೆ ಹಲ್ಲಿಲ್ಲದ, ಹಗ್ಗವನ್ನು ಸುತ್ತಿ ಹಿಡಿಯುವ ಪ್ರುಸಿಕ್ ಗಂಟು ಮೇಲು. ಅತಿಯಾದ ಭಾರಕ್ಕೆ ಅದು ಸಾಮಾನ್ಯವಾಗಿ ಮೊದಲು ಜಾರಿ ಎಚ್ಚರಿಕೆ ಕೊಡುತ್ತದೆ. ಎಳೆಯುವವರ ಸಂಖ್ಯೆಗೂ ಮಿತಿ ಇಟ್ಟುಕೊಳ್ಳಿ.

ಇದರಿಂದಲೇ ಇನ್ನೊಂದು ನಿಯಮವೂ ಹುಟ್ಟುತ್ತದೆ: ಜೂಮಾರ್‌ನಲ್ಲಿ ಹತ್ತುವಾಗ ಸಾಧನಕ್ಕಿಂತ ಮೇಲೆ ಹೋಗಬಾರದು, ಅದಕ್ಕೆ ಕಟ್ಟಿದ ದಾರ ಸಡಿಲವಾಗಿ ಜೋಲಬಾರದು. ಆಧಾರದ ಹತ್ತಿರ, ಅಂದರೆ ಶಕ್ತಿ ಹೀರಲು ಹಗ್ಗವೇ ಇಲ್ಲದ ಜಾಗದಲ್ಲಿ, ಒಂದು ಮೀಟರಿನ ಬೀಳುವಿಕೆ ಸಾಕು ಹೊದಿಕೆ ಕೀಳಲು. ಹಲ್ಲುಗಳ ನಡುವೆ ಕೆಸರು ಗಟ್ಟಿಯಾದರೆ ಅವು ಕಚ್ಚದೆ ಜಾರುವುದೂ ಉಂಟು. ಹಳೆಯ ಹಲ್ಲುಜ್ಜುವ ಬ್ರಶ್ ಒಂದನ್ನು ಜೊತೆಗಿಟ್ಟುಕೊಂಡರೆ ಸಾಕು.

ಪ್ರಶ್ನೆ: ನಮ್ಮ ಹಗ್ಗವನ್ನು ಮನೆಯ ಉಗ್ರಾಣದಲ್ಲಿ ಇಡುತ್ತೇವೆ. ಅಲ್ಲಿಯೇ ಇನ್ವರ್ಟರ್ ಬ್ಯಾಟರಿ, ಕೊಳೆರೋಗಕ್ಕೆ ಹೊಡೆಯುವ ಮದ್ದಿನ ಮೈಲುತುತ್ತ ಮತ್ತು ಸುಣ್ಣ, ರಬ್ಬರ್ ಶೀಟಿಗೆ ಬಳಸುವ ಆಸಿಡ್ ಎಲ್ಲ ಇರುತ್ತವೆ. ಹಗ್ಗಕ್ಕೆ ಏನೂ ಆದಂತೆ ಕಾಣುವುದಿಲ್ಲ. ಚಿಂತೆ ಬೇಕೇ?
— ಕೃಷಿಕರೊಬ್ಬರು, ಸಿದ್ದಾಪುರ

ಉತ್ತರ: ಚಿಂತೆ ಬೇಕು. ಏನೂ ಆದಂತೆ ಕಾಣುವುದಿಲ್ಲ ಎಂಬುದೇ ಚಿಂತೆಗೆ ಕಾರಣ.

ನೈಲಾನಿಗೆ ಆಮ್ಲ ಆಗುವುದಿಲ್ಲ. ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ನೀರು ತುಂಬುವಾಗ ಸಿಡಿದ ಹನಿ, ಬ್ಯಾಟರಿಯ ಮೇಲ್ಭಾಗದಲ್ಲಿ ಒಸರಿದ ತೇವ ಒರೆಸಿದ ಬಟ್ಟೆ, ಬ್ಯಾಟರಿ ಇಟ್ಟಿದ್ದ ನೆಲ, ಇವುಗಳಲ್ಲಿ ಯಾವುದು ತಾಗಿದರೂ ಹಗ್ಗದ ಬಲ ಕುಗ್ಗಬಹುದು. ಹೊದಿಕೆಯ ಬಣ್ಣ ಬದಲಾಗದೆಯೂ, ಹೆಣಿಗೆ ಕೆಡದೆಯೂ ಅದು ಆಗಬಹುದು. ಉಜ್ಜಿದ ಗಾಯವನ್ನು ಬೆರಳು ಹಿಡಿಯುತ್ತದೆ, ಇದನ್ನು ಹಿಡಿಯುವುದಿಲ್ಲ. ಜೀಪಿನ ಹಿಂದೆ, ಪಿಕಪ್‌ನ ತೊಟ್ಟಿಯಲ್ಲಿ ಹಗ್ಗ ಒಯ್ಯುವವರೂ ಇದನ್ನು ನೆನಪಿಡಬೇಕು, ಕಳೆದ ವಾರ ಅದೇ ಜಾಗದಲ್ಲಿ ಬ್ಯಾಟರಿ ಹೋಗಿದ್ದಿರಬಹುದು.

ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಇನ್ನೂ ಕೆಟ್ಟದ್ದು. ಬಟ್ಟೆಯ ಪ್ರಯೋಗಾಲಯಗಳಲ್ಲಿ ಮಿಶ್ರ ನೂಲಿನಿಂದ ನೈಲಾನನ್ನು ಬೇರ್ಪಡಿಸಲು ಬಳಸುವುದೇ ಶೇಕಡಾ 80ರ ಫಾರ್ಮಿಕ್ ಆಮ್ಲ, ಏಕೆಂದರೆ ಅದು ನೈಲಾನನ್ನು ಬಿಸಿ ಮಾಡದೆಯೇ ಕರಗಿಸುತ್ತದೆ, ಪಾಲಿಯೆಸ್ಟರನ್ನು ಹಾಗೆಯೇ ಬಿಡುತ್ತದೆ. ಕ್ಯಾನಿನಲ್ಲಿ ಬರುವ ಗಾಢ ಆಮ್ಲದ ಮುಚ್ಚಳ ಸಡಿಲವಿದ್ದರೆ ಅದರ ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ಹಗ್ಗವನ್ನು ನಾವಂತೂ ನಂಬುವುದಿಲ್ಲ. ಕ್ಯಾನು ಒಮ್ಮೆಯಾದರೂ ಸೋರಿದ್ದು ನೆನಪಿದ್ದರೆ ಆ ಹಗ್ಗವನ್ನು ಕೊಟ್ಟಿಗೆಯ ಕೆಲಸಕ್ಕೆ ಬಿಡಿ, ಅದೂ ತುಂಡು ತುಂಡು ಮಾಡಿ, ಯಾರೂ ಅದರಲ್ಲಿ ತೂಗದಂತೆ.

ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮದ್ದಿನ ವಿಚಾರದಲ್ಲಿ ಅಷ್ಟು ಗಾಬರಿ ಬೇಡ. ಸುಣ್ಣ ಹಾಕಿ ಹದ ಮಾಡಿದ ದ್ರಾವಣದಲ್ಲಿ ಆಮ್ಲ ಉಳಿದಿರುವುದಿಲ್ಲ. ಹಾಗಿದ್ದರೂ ಬರೀ ಮೈಲುತುತ್ತದ ನೀರು ಆಮ್ಲೀಯವೇ, ಒಣಗಿದ ಮದ್ದಿನ ಹರಳುಪುಡಿ ಹೆಣಿಗೆಯೊಳಗೆ ಸೇರಿ ಎಳೆಗಳನ್ನು ಸವೆಸುವುದೂ ಹೌದು. ಮಳೆಗಾಲದಲ್ಲಿ ಉಂಬಳಕ್ಕೆಂದು ಕಾಲಿಗೆ ಹಚ್ಚುವ ಸುಣ್ಣ, ತಂಬಾಕು ಹಗ್ಗಕ್ಕೆ ತಾಗಿದರೆ ಹಾನಿಯೇ ಎಂದು ನಿಮ್ಮ ಊರಿನಿಂದಲೇ ಇನ್ನೊಬ್ಬರು ಕೇಳಿದ್ದಾರೆ: ಕ್ಷಾರವನ್ನು ನೈಲಾನ್ ಸಾಕಷ್ಟು ತಾಳುತ್ತದೆ, ಪ್ರಬಲ ಕ್ಷಾರಕ್ಕೆ ಸೋಲುವುದು ಪಾಲಿಯೆಸ್ಟರ್. ತೊಳೆದರೆ ಸಾಕು.

ಹಗ್ಗಕ್ಕೆ ಪ್ರತ್ಯೇಕ ಚೀಲವೊಂದನ್ನು ಮಾಡಿ, ಜನ ಮಲಗುವ ಕೋಣೆಯ ಅಟ್ಟದಲ್ಲೋ ಕಪಾಟಿನಲ್ಲೋ ಇಡಿ. ಇಲಿ ಬಾರದಂತೆ ನೋಡಿಕೊಳ್ಳಿ, ಇಲಿ ಕಡಿದ ಹೊದಿಕೆಯೂ ಹರಿದ ಹೊದಿಕೆಯೇ.

ಪ್ರಶ್ನೆ: ಕಡಲ ದಂಡೆಯ ಬಂಡೆಗಳಲ್ಲಿ ಅಭ್ಯಾಸ ಮಾಡುತ್ತೇವೆ. ಹಗ್ಗವನ್ನು ತೊಳೆಯಬೇಕೇ? ಮಳೆಗಾಲದಲ್ಲಿ ಒಣಗಿಸುವುದೇ ಸಮಸ್ಯೆ. ಒದ್ದೆ ಹಗ್ಗ ದುರ್ಬಲವೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಉಪ್ಪುನೀರು ನೈಲಾನನ್ನು ಕೊಳೆಸುವುದಿಲ್ಲ, ಆದರೆ ಒಣಗಿದ ಮೇಲೆ ಉಳಿಯುವ ಉಪ್ಪಿನ ಹರಳು ಮತ್ತು ಮರಳು ಹೊದಿಕೆಯ ಸಂದಿನಿಂದ ಒಳಗಿಳಿದು, ಹಗ್ಗ ಬಗ್ಗಿದಾಗಲೆಲ್ಲ ತಂತುಗಳನ್ನು ಕೊರೆಯುತ್ತವೆ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ಮೂರು ನಾಲ್ಕು ಬಾರಿ ಜಾಲಿಸಿ. ಕೆಸರು ಹಿಡಿದಿದ್ದರೆ ಸೌಮ್ಯವಾದ ಸೋಪಿನ ನೀರು ಸಾಕು. ಬ್ಲೀಚಿಂಗ್ ಪೌಡರ್ ಬೇಡ, ಬಿಸಿನೀರೂ ಬೇಡ. ಬಿಸಿಲಿಗೆ ಹಾಕದೆ, ಗಾಳಿಯಾಡುವ ಪಡಸಾಲೆಯಲ್ಲಿ ಉದ್ದಕ್ಕೆ ಹರವಿ ಫ್ಯಾನ್ ಹಾಕಿ. ಒಲೆಯ ಮೇಲಿನ ಅಟ್ಟ ಅಥವಾ ಅಡಿಕೆ ಒಣಗಿಸುವ ಹೊಗೆಗೂಡು ಹಗ್ಗದ ಜಾಗವಲ್ಲ.

ಒದ್ದೆಯಾದ ನೈಲಾನ್ ಒಣಗಿದ ನೈಲಾನಿಗಿಂತ ಹತ್ತರಿಂದ ಹದಿನೈದು ಶೇಕಡಾ ದುರ್ಬಲ, ಒಣಗಿದ ಮೇಲೆ ಆ ಬಲ ಬಹುಮಟ್ಟಿಗೆ ಮರಳುತ್ತದೆ. ಇಳಿಯುವುದಕ್ಕೆ ಇದರಿಂದ ತೊಂದರೆ ಇಲ್ಲ, ಬೀಳುವಿಕೆಯನ್ನು ತಡೆಯುವ ಡೈನಾಮಿಕ್ ಹಗ್ಗದಲ್ಲಿ ಮಾತ್ರ ವ್ಯತ್ಯಾಸ ಗಣನೀಯ.

ಹೊಸ ಸ್ಟ್ಯಾಟಿಕ್ ಹಗ್ಗವನ್ನು ಮಾತ್ರ ಬಳಸುವ ಮೊದಲೇ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸುವುದು ಗುಹೆಯವರ ಹಳೆಯ ಪದ್ಧತಿ. ಹಗ್ಗ ಕುಗ್ಗಿ, ಹೊದಿಕೆ ತಿರುಳಿಗೆ ಬಿಗಿಯಾಗಿ ಕೂರುತ್ತದೆ, ಕಾರ್ಖಾನೆಯ ಜಿಡ್ಡೂ ಹೋಗುತ್ತದೆ. ಉದ್ದದಲ್ಲಿ ಐದು ಶೇಕಡಾ ಅಥವಾ ಅದಕ್ಕೂ ಹೆಚ್ಚು ಕಡಿಮೆಯಾಗಬಹುದಾದ್ದರಿಂದ, ಒಣಗಿದ ಮೇಲೆ ಅಳೆದು ಉದ್ದ ಬರೆಯಿರಿ.

ಪ್ರಶ್ನೆ: ಹಗ್ಗಕ್ಕೆ ಎಷ್ಟು ವರ್ಷ ಆಯುಸ್ಸು?
— ಓದುಗರೊಬ್ಬರು, ಅಂಕೋಲಾ

ಉತ್ತರ: ಹೆಚ್ಚಿನ ತಯಾರಕರು ಹಗ್ಗದ ಗರಿಷ್ಠ ಬಳಕೆಗೆ 10 ವರ್ಷದ ಮಿತಿ ಹೇಳುತ್ತಾರೆ. ಅದು ಮೇಲ್ಮಿತಿ, ಭರವಸೆಯಲ್ಲ. ಒಂದೇ ದಿನದಲ್ಲಿ ಒಂದೇ ಅಂಚಿನಲ್ಲಿ ಹಗ್ಗ ಮುಗಿದುಹೋಗಬಹುದು. ಯಾವ ದಿನ, ಎಲ್ಲಿ, ಯಾವ ಕಲ್ಲಿನ ಮೇಲೆ ಬಳಸಿದಿರಿ, ಏನು ತಾಗಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಿಂದಿನ ಕಥೆ ಗೊತ್ತಿಲ್ಲದ ಹಗ್ಗವನ್ನು, ಅದು ಎಷ್ಟೇ ಹೊಸದಾಗಿ ಕಂಡರೂ, ಎರವಲು ಪಡೆಯಬೇಡಿ. ಪ್ರಪಾತಗಳಲ್ಲಿ ಯಾರೋ ಹಿಂದಿನ ವರ್ಷ ಕಟ್ಟಿ ಬಿಟ್ಟುಹೋದ ಹಗ್ಗವೂ ಈ ಲೆಕ್ಕಕ್ಕೇ ಸೇರಿದ್ದು. ಒಂದು ಮಳೆಗಾಲ ಕಲ್ಲಿಗೆ ಬಡಿದುಕೊಂಡು, ಆಮೇಲೆ ನಾಲ್ಕು ತಿಂಗಳು ಬಿಸಿಲು ಕಂಡ ಹಗ್ಗ ಅದು.

ಪ್ರಶ್ನೆ: ಕಾಲೇಜಿನಲ್ಲಿ ಸ್ಟ್ಯಾಟಿಕ್ ಹಗ್ಗ ಒಂದೇ ಇದೆ. ಬಾದಾಮಿಗೆ ಹೋಗುವಾಗ ಅದನ್ನೇ ಕಟ್ಟಿಕೊಂಡು ಮೊದಲಿಗರಾಗಿ ಹತ್ತಬಹುದೇ?
— ವಿದ್ಯಾರ್ಥಿನಿಯೊಬ್ಬರು, ಕಾರವಾರ

ಉತ್ತರ: ಸಲ್ಲದು. ಮೊದಲಿಗರಾಗಿ ಹತ್ತುವವರು ಬಿದ್ದಾಗ ಆ ಬೀಳುವಿಕೆಯ ಶಕ್ತಿಯನ್ನು ಹಗ್ಗ ಹಿಗ್ಗಿ ಹೀರಬೇಕು. ಇಎನ್ 892 ಮಾನದಂಡದ ಡೈನಾಮಿಕ್ ಒಂಟಿ ಹಗ್ಗವು 80 ಕಿಲೋ ತೂಕದ ಕಠಿಣ ಬೀಳುವಿಕೆಯನ್ನು ಕನಿಷ್ಠ 5 ಬಾರಿ ತಡೆಯಬೇಕು, ಮೊದಲ ಬಾರಿ ದೇಹದ ಮೇಲೆ ಬೀಳುವ ಎಳೆತ 12 ಕಿಲೋನ್ಯೂಟನ್ ಮೀರಬಾರದು. ಸ್ಟ್ಯಾಟಿಕ್ ಹಗ್ಗ ತಾನು ಹರಿಯದಿದ್ದರೂ ನಿಮ್ಮ ಬೆನ್ನುಮೂಳೆಯನ್ನೋ ಬಂಡೆಯ ಆಧಾರವನ್ನೋ ಮುರಿಯುತ್ತದೆ. ಬಾದಾಮಿಯದು ಮರಳುಗಲ್ಲು, ಪುಡಿ ಹೆಚ್ಚು; ಹಗ್ಗವನ್ನು ನೆಲಕ್ಕೆ ಹಾಕದೆ ಹಾಸಿನ ಮೇಲೆ ಇಡಿ, ಯಾರೂ ತುಳಿಯದಿರಲಿ.

ಪ್ರಶ್ನೆ: ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ಇಳಿಯುವಾಗ, ತೆಂಗಿನ ಮರಕ್ಕೆ ನೈಲಾನ್ ಪಟ್ಟಿ ಸುತ್ತಿ ಅದರ ಕುಣಿಕೆಯೊಳಗಿನಿಂದ ಹಗ್ಗ ತೂರಿಸಿ ಮೇಲಿನವರು ಬಿಡುತ್ತಾರೆ. ಹೀಗೆ ಮಾಡುವುದು ಸರಿಯೇ?
— ಓದುಗರೊಬ್ಬರು, ಕುಮಟಾ

ಉತ್ತರ: ನಿಂತ ನೈಲಾನಿನ ಮೇಲೆ ನೈಲಾನ್ ಹಗ್ಗ ಓಡಿದರೆ, ಶಾಖವೆಲ್ಲ ಪಟ್ಟಿಯ ಒಂದೇ ಜಾಗಕ್ಕೆ ಸೇರುತ್ತದೆ. ಹಗ್ಗದ ಬೇರೆ ಬೇರೆ ಭಾಗಗಳು ಬಂದು ಹೋಗುವುದರಿಂದ ಅದಕ್ಕೆ ಏನೂ ಆಗದಿರಬಹುದು, ಪಟ್ಟಿ ಮಾತ್ರ ಕೆಲವೇ ಮೀಟರುಗಳ ಓಟದಲ್ಲಿ ಕರಗಿ ತುಂಡಾಗಬಹುದು. ಕುಣಿಕೆಗೆ ಉಕ್ಕಿನ ಬಲವಾದ ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಕೊಂಡಿ) ಹಾಕಿ, ಹಗ್ಗ ಲೋಹದ ಮೇಲೆಯೇ ಓಡಲಿ. ಬಾವಿಯ ಚಿರೆಕಲ್ಲಿನ ಕಟ್ಟೆಗೆ ಹಗ್ಗ ಉಜ್ಜದಂತೆ ಅಡ್ಡ ಮರದಿಂದ ನೇರ ಇಳಿಬಿಡಿ. ಇಳಿಯುವವರಿಗೆ ಇನ್ನೊಂದು ಹಗ್ಗವನ್ನು ಬೇರೆಯದೇ ಮರಕ್ಕೆ ಕಟ್ಟಿ ಕೊಡಿ. ಹಳೆಯ ಬಾವಿಯಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ದೀಪ ಇಳಿಬಿಟ್ಟು ಅದು ಉರಿಯಿತೆಂದ ಮಾತ್ರಕ್ಕೆ ಇಳಿಯದೆ, ಅಗ್ನಿಶಾಮಕ ದಳದವರನ್ನು ಕೇಳಿ ಮುಂದುವರಿಯಿರಿ.